ಫೋಟೋ ಅಂದ್ಮೇಲೆ ಲೈಟ್ ಬೇಕಲ್ವಾ?

"ಫೋಟೋ ಅಂದ್ಮೇಲೆ ಲೈಟ್ ಬೇಕಲ್ವಾ ಸಾರ್?"

ಪಕ್ಕದ ಮನೆಯವರು ಹೀಗೆ ಕೇಳಿ ಮೂರು ದಿನವಾಯಿತು. ಹಲ್ಲುಜ್ಜುವಾಗಲೂ ಅದೇ ಮಾತು ನೆನಪಾಗುತ್ತಿದೆ. ನನ್ನ ಹೊಸ ಟೆಲಿಸ್ಕೋಪ್ ಬಂದ ವಾರವೇ ಅವರು ತಾರಸಿಯ ಮೇಲೆ ಬೆಳ್ಳಗೆ ಉರಿಯುವ ಎಲ್‌ಇಡಿ ಫ್ಲಡ್‌ಲೈಟ್ ಹಾಕಿಸಿದರು. ಗೆಲಾಕ್ಸಿ ಫೋಟೋ ತೆಗೆಯಬೇಕು, ರಾತ್ರಿ ಒಂದೆರಡು ಗಂಟೆ ಆರಿಸ್ತೀರಾ ಅಂತ ಕೇಳಲು ಹೋಗಿದ್ದೆ. ಅವರು ವ್ಯಂಗ್ಯಕ್ಕೆ ಹೇಳಿದ್ದಲ್ಲ. ಬೇಕಿದ್ರೆ ನಿಮ್ಮ ಕಡೆಗೇ ತಿರುಗಿಸಿ ಕೊಡ್ತೀನಿ ಅಂದರು!

ಮನುಷ್ಯ ಒಳ್ಳೆಯವರೇ. ನಾವಿಲ್ಲದಾಗ ನಮ್ಮ ಗಿಡಗಳಿಗೆ ನೀರು ಹಾಕುವುದು ಅವರೇ. ಆದರೆ ಎಲ್ಲಾದರೂ ಕತ್ತಲು ಕಂಡರೆ ಅಲ್ಲೇನೋ ಕೆಟ್ಟಿದೆ, ರಿಪೇರಿ ಆಗಬೇಕು ಅನ್ನುವವರು. ಅವರನ್ನೇನು ಬೈಯುವುದು, ವಾಪಸ್ ಬರುವಾಗ ನೋಡಿದರೆ ನಮ್ಮ ಮೆಟ್ಟಿಲ ಬಲ್ಬೂ ಸುಮ್ನೆ ಉರಿಯುತ್ತಿತ್ತು.

ನಾನು ಹಿಡಿಯಲು ಹೊರಟಿದ್ದು ಎಂ51, ಸುಳಿಯಂತೆ ಕಾಣುವ ಗೆಲಾಕ್ಸಿ. 1845ರಲ್ಲಿ ಐರ್ಲೆಂಡಿನ ಲಾರ್ಡ್ ರಾಸ್ ಆರು ಅಡಿ ಕನ್ನಡಿಯ ಟೆಲಿಸ್ಕೋಪಿನಲ್ಲಿ ಅದನ್ನು ನೋಡಿ, ಸುರುಳಿ ತೋಳುಗಳನ್ನು ಕೈಯಲ್ಲೇ ಬಿಡಿಸಿದ್ದರು. ನನ್ನದು ಆರು ಇಂಚಿನ ಕನ್ನಡಿ, ಆದರೆ ಕ್ಯಾಮೆರಾ ಇದೆ. ಒಂದೊಂದು ನಿಮಿಷದ ನೂರಾರು ಫೋಟೋ ತೆಗೆದು ಒಂದರ ಮೇಲೊಂದು ಪೇರಿಸಿದರೆ ತೋಳುಗಳು ಮೆಲ್ಲಗೆ ಮೇಲೇಳುತ್ತವೆ. ಎರಡು ಕೋಟಿ ವರ್ಷಕ್ಕೂ ಹಿಂದೆ ಹೊರಟ ಬೆಳಕು ಅದು, ಅಷ್ಟು ದೂರ ಬಂದು ಕೊನೆಗೆ ನಮ್ಮ ಬೀದಿಯ ಬೆಳಕಲ್ಲಿ ಮುಳುಗಬೇಕಾ?

ಹಳೇ ಸೋಡಿಯಂ ದೀಪಗಳ ಹಳದಿ ಬೆಳಕನ್ನು ಫಿಲ್ಟರ್ ಹಾಕಿ ಸುಮಾರಾಗಿ ತಡೆಯಬಹುದಿತ್ತು. ಬಿಳಿ ಎಲ್‌ಇಡಿಯಲ್ಲಿ ಎಲ್ಲ ಬಣ್ಣವೂ ಇರುತ್ತದೆ, ಗೆಲಾಕ್ಸಿಯ ಬೆಳಕಲ್ಲೂ ಅಷ್ಟೇ. ಇದನ್ನು ತಡೆದರೆ ಅದೂ ಹೋಯಿತು. ಸಾಲದ್ದಕ್ಕೆ ನೀಲಿ ಬೆಳಕು ಗಾಳಿಯಲ್ಲಿ ಜಾಸ್ತಿ ಚದುರುತ್ತದೆ.

2011ರಿಂದ 2022ರವರೆಗೆ ಜನ ಬರಿಗಣ್ಣಲ್ಲಿ ನಕ್ಷತ್ರ ನೋಡಿ ಕಳಿಸಿದ ಲೆಕ್ಕಗಳ ಮೇಲೆ 2023ರಲ್ಲಿ ಒಂದು ಅಧ್ಯಯನ ಬಂತು. ಆಕಾಶದ ಬೆಳಕು ವರ್ಷಕ್ಕೆ ಸುಮಾರು 9.6 ಪ್ರತಿಶತ ಏರುತ್ತಿದೆಯಂತೆ. ಅಂದರೆ ಎಂಟು ವರ್ಷದೊಳಗೆ ದುಪ್ಪಟ್ಟು. ನನ್ನ ಹಳೇ ನಾಲ್ಕೂವರೆ ಇಂಚಿನ ಟೆಲಿಸ್ಕೋಪಿಗೂ ಈಗ ಎಂಟು ವರ್ಷ. ಹೊಸದು ಅದಕ್ಕಿಂತ 1.8 ಪಟ್ಟು ಬೆಳಕು ಹಿಡಿಯುತ್ತದೆ ಅಂತ ಹಿಗ್ಗಿದ್ದೆ. ಲೆಕ್ಕ ಹಾಕಿದರೆ, ನಾನು ಇದ್ದಲ್ಲೇ ಇರಲು ದುಡ್ಡು ಕೊಟ್ಟಿದ್ದೇನೆ.

ನಿನ್ನೆ ರಾತ್ರಿ ನೂರಾ ನಲವತ್ತು ಫೋಟೋ ತೆಗೆದೆ. ಬಹುತೇಕ ಎಲ್ಲದರಲ್ಲೂ ಎಡಮೂಲೆಯಿಂದ ಬೂದು ಬಣ್ಣ ಹರಡಿಕೊಂಡಿತ್ತು. ನಡುವೆ ಕರೆಂಟ್ ಹೋಯಿತು. ನನ್ನದೆಲ್ಲ ಬ್ಯಾಟರಿ ಮೇಲೆ ನಡೆಯುತ್ತಿತ್ತು. ಪರದೆಯ ಮೇಲೆ ಫೋಟೋದ ಬೆಳಕು ಎಷ್ಟೆಂದು ತೋರಿಸುವ ಗ್ರಾಫ್ ದಢಕ್ಕನೆ ಎಡಕ್ಕೆ, ಅಂದರೆ ಕತ್ತಲ ಕಡೆಗೆ ಕುಸಿಯಿತು, ಹಿನ್ನೆಲೆ ಕಪ್ಪಾಯಿತು, ಎಂ51 ಮತ್ತು ಅದರ ಪಕ್ಕದ ಪುಟ್ಟ ಗೆಲಾಕ್ಸಿಯ ನಡುವಿನ ಸೇತುವೆಯಂಥ ಎಳೆ ಒಂದೇ ಫೋಟೋದಲ್ಲಿ ಕಂಡಿತು. ಕೆಳಗೆ ಯಾರೋ ಕರೆಂಟಿನವರನ್ನು ಬೈಯುತ್ತಿದ್ದರು. ನಾನು ಉಸಿರು ಬಿಗಿಹಿಡಿದು ಎಣಿಸುತ್ತಿದ್ದೆ. ಸಿಕ್ಕಿದ್ದು ಹನ್ನೊಂದು ಫೋಟೋ.

ಬೆಳಿಗ್ಗೆ ಗೇಟಿನ ಹತ್ತಿರ ಪಕ್ಕದ ಮನೆಯವರು ಸಿಕ್ಕರು.

"ಪಾಪ, ರಾತ್ರಿ ಕರೆಂಟ್ ಹೋಗಿ ನಿಮ್ಮ ಫೋಟೋ ಎಲ್ಲಾ ಹಾಳಾಯ್ತೇನೋ ಅಲ್ವಾ ಸಾರ್?"