ಸ್ಲ್ಯಾಬಿನ ಹಿಂದಿನ ಸಂಜೆ

ಬಾಗಲಕೋಟೆಯ ನವನಗರದಲ್ಲಿ ಏಪ್ರಿಲ್ ತಿಂಗಳ ಒಂದು ಸ್ಲ್ಯಾಬ್. ಸಾವಿರ ಚದರಡಿ, ಐದು ಇಂಚು ದಪ್ಪ, ಗೋಡೆಗಳ ಮೇಲೆ ಕೂರುವಂಥದ್ದು, ಕೆಳಗಿಳಿಯುವ ಬೀಮುಗಳಿಲ್ಲ. ಒಟ್ಟು 12 ಘನ ಮೀಟರಿಗೆ ತುಸು ಕಡಿಮೆ ಕಾಂಕ್ರೀಟ್. ಎಂ20 ಎಂಬ ಬಲದ ದರ್ಜೆ ಅಂದರೆ ಒಂದು ಪಾಲು ಸಿಮೆಂಟ್, ಒಂದೂವರೆ ಉಸುಕು, ಮೂರು ಖಡಿ (ಜಲ್ಲಿಕಲ್ಲು). ಆ ಲೆಕ್ಕಕ್ಕೆ ಸಿಮೆಂಟ್ 95 ಚೀಲ, ಉಸುಕು ಪೌಣೆ ಎರಡು ಬ್ರಾಸ್ (ಒಂದು ಬ್ರಾಸ್ ಅಂದರೆ ನೂರು ಘನ ಅಡಿ), ಖಡಿ ಮೂರೂವರೆ ಬ್ರಾಸ್. ತರಿಸಿದ್ದು 100 ಚೀಲ, ಎರಡು ಬ್ರಾಸ್, ನಾಲ್ಕು ಬ್ರಾಸ್. ನಡುವೆ ಸಾಮಾನು ತೀರಿದರೆ ಆಗುವ ನಷ್ಟದ ಮುಂದೆ ಉಳಿದ ಐದು ಚೀಲ ಲೆಕ್ಕಕ್ಕಿಲ್ಲ.

ಒಂದು ಚೀಲದ ಮಿಕ್ಸರ್ ತಾಸಿಗೆ 20 ಸಲ ಮಾಲು (ಕಲಸಿದ ಕಾಂಕ್ರೀಟ್) ಕೊಟ್ಟರೆ 95 ಚೀಲಕ್ಕೆ ಐದು ತಾಸು. ಬೆಳಗ್ಗೆ ಆರಕ್ಕೆ ಶುರುವಾದರೆ ಬಿಸಿಲು ಏರುವ ಹೊತ್ತಿಗೆ ಮುಗಿಯುತ್ತದೆ. ಆದರೆ ಒಮ್ಮೆ ಶುರುವಾದ ಮೇಲೆ ನಿಲ್ಲಿಸುವಂತಿಲ್ಲ. ಆದ್ದರಿಂದ ತಪಾಸಣೆ ಹಿಂದಿನ ದಿನ ಸಂಜೆ ನಾಲ್ಕಕ್ಕೇ ಆಗಬೇಕು. ಫೋನಿನಲ್ಲಿ ಕೇಳಿದರೆ "ಎಲ್ಲಾ ಆಗೇದ್ರಿ" ಎಂಬ ಉತ್ತರ ಬರುತ್ತದೆ. ಮೇಲೆ ಹತ್ತಿ ನೋಡಿದಾಗಲೇ ಗೊತ್ತಾಗುವುದು.

ಅಂದು ನೋಡಿದಾಗ ಅಡುಗೆಮನೆ ಕಡೆಯ ವೈರಿಂಗ್ ಪೈಪೇ ಬಿದ್ದಿರಲಿಲ್ಲ. ಮುಂಜಾನೆ ಬರಲು ಕೂಲಿಯಾಳುಗಳಿಗೆ ಹೇಳಿಯಾಗಿತ್ತು. ಪೈಪ್ ಬಿಟ್ಟು ಸ್ಲ್ಯಾಬ್ ಹಾಕಿದರೆ ಆಮೇಲೆ ಉಳಿಯಿಂದ ಕಡಿಯಬೇಕು, ಕಡಿಯುವಾಗ ಕಬ್ಬಿಣಕ್ಕೂ ಏಟು ಬೀಳುತ್ತದೆ. ಎಲೆಕ್ಟ್ರಿಷಿಯನ್‌ನನ್ನು ಆಗಲೇ ಕರೆಸಿ, ಪೈಪ್ ಕೂಡಿಸಿ, ಫ್ಯಾನ್ ಬಾಕ್ಸಿನ ಬಾಯಿಗೆ ಕಾಗದ ತುರುಕಿ ಟೇಪ್ ಸುತ್ತುವಷ್ಟರಲ್ಲಿ ರಾತ್ರಿ ಎಂಟಾಗಿತ್ತು.

ಪೈಪ್ ಎಳೆಯುವಾಗ ಇನ್ನೊಂದು ಹಾನಿಯೂ ಆಗಿತ್ತು. ಗೋಡೆಯ ಮೇಲೆ ಬರುವ ಮೇಲ್ಗಡೆಯ ಸಲಾಕೆಗಳನ್ನು ತುಳಿದು ತುಳಿದು ಕೆಳಗಿನ ಜಾಲಿಗೆ ಅಂಟಿಸಿಬಿಟ್ಟಿದ್ದರು. ಆ ಸಲಾಕೆ ಮೇಲಿದ್ದರೆ ಮಾತ್ರ ಅಲ್ಲಿಯ ಎಳೆತ ತಡೆಯುತ್ತದೆ. ಕೆಳಗೆ ಕುಸಿದರೆ ಇದ್ದೂ ಇಲ್ಲದಂತೆ, ಗೋಡೆಗುಂಟ ಬಿರುಕು ಬರುತ್ತದೆ. ಕೆಳಗೆ ಕುರ್ಚಿ (ಸಲಾಕೆ ಎತ್ತಿ ಹಿಡಿಯುವ, ಬಗ್ಗಿಸಿದ ಕಬ್ಬಿಣ) ಇಟ್ಟು ಮತ್ತೆ ಎತ್ತಿ ಕಟ್ಟಿಸಿದೆವು. ಕೆಳಗಿನ ಜಾಲಿಯನ್ನು ತಳದ ಹಲಗೆಗೆ ತಾಗದಂತೆ ಹಿಡಿಯುವ 20 ಮಿ.ಮೀ. ಕವರ್ ಬ್ಲಾಕುಗಳಲ್ಲಿ ಪುಡಿಯಾದವನ್ನು ಬದಲಿಸಿದೆವು. ಖಡಿಚೂರು ಸಿಕ್ಕಿಸಿ ಸಲಾಕೆ ಎತ್ತುವುದನ್ನು ನಾನು ಒಪ್ಪುವುದಿಲ್ಲ, ಕಾಲು ತಾಕಿದರೆ ಸರಿದುಹೋಗುತ್ತದೆ. ತುಳಿಯದಂತೆ ನಡೆದಾಡಲು ಹಲಗೆ ಹಾಸಿಸಿ ಇಳಿದೆವು.

ಬೆಳಗ್ಗೆ ಎಂಟರ ಸುಮಾರಿಗೆ ನೀರಿನ ತಕರಾರು ಎದ್ದಿತು.

"ಸಾಹೇಬ್ರ, ಮಾಲ ಭಾಳ ಗಟ್ಟಿ ಆಗೇದ್ರಿ. ಇನ್ನೊಂದು ಬಕೆಟ್ ನೀರ ಹಾಕ್ತೀನ್ರಿ."

"ಬ್ಯಾಡ್ರಿ ಮೇಸ್ತ್ರಿ. ನೀರ ಅಷ್ಟ ಇರ್ಲಿ, ಇನ್ನೂ ನಾಕ ಸುತ್ತ ತಿರುಗಸ್ರಿ."

ಚೀಲಕ್ಕೆ 27 ಲೀಟರ್ ಎಂದು ಬಕೆಟ್ಟಿನ ಮೇಲೆ ಗೆರೆ ಎಳೆದಿತ್ತು. ಅದರ ಮೇಲೆ ಹತ್ತು ಲೀಟರ್ ಸುರಿದರೆ ಮಾಲು ಚೆನ್ನಾಗಿ ಹರಿಯುತ್ತದೆ ನಿಜ, ಆದರೆ ಹೆಚ್ಚಿನ ನೀರು ಆರಿ ಹೋದ ಕಡೆ ಸಣ್ಣ ಸಣ್ಣ ತೂತು ಉಳಿದು ಬಲ ಇಳಿಯುತ್ತದೆ. ಮಾಲು ಗಟ್ಟಿಯಾಗಲು ಕಾರಣ ಬೇರೆಯೇ ಇತ್ತು. ದಿನವಿಡೀ ಬಿಸಿಲುಂಡ ಖಡಿ ನೀರು ಹೀರುತ್ತಿತ್ತು. ಹಿಂದಿನ ಸಂಜೆ ಎರಡು ರಾಶಿಗೆ ನೀರು ಸಿಂಪಡಿಸಿದ್ದರು, ಹಿಂಬದಿಯ ರಾಶಿ ಮರೆತಿತ್ತು. ಆ ರಾಶಿಗೇ ನೀರು ಹೊಡೆಸಿ, ಮೇಲ್ಮೈ ನೀರು ಬಸಿದ ಮೇಲೆ ಬಳಸಿದೆವು. ಅಷ್ಟಕ್ಕೇ ಮಾಲು ಸರಿಹೋಯಿತು.

ಒಂಬತ್ತೂವರೆಗೆ, ಮಾಲನ್ನು ಅದುರಿಸಿ ಕೂರಿಸುವ ವೈಬ್ರೇಟರಿನ ಸೂಜಿ ನಿಂತಿತು. ಎರಡನೆಯದು ಮೇಲೇ ಇಟ್ಟಿದ್ದರಿಂದ ಎರಡು ನಿಮಿಷದ ಕೆಲಸವಾಯಿತು. ಮಿಕ್ಸರೇ ಕೆಟ್ಟಿದ್ದರೆ? ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಸೆಂಟ್ರಿಂಗ್ ಅಂಚಿನ ಮೇಲೆ ಸುಣ್ಣದ ಗುರುತು ಹಾಕಿ ಇಟ್ಟಿದ್ದೆವು: ಎರಡು ಗೋಡೆಗಳ ನಡುವಿನ ಅಂಕಣದ ನಡುಭಾಗದಲ್ಲಿ, ಹಲಗೆ ನಿಲ್ಲಿಸಿ, ಅಂಚು ನೆಟ್ಟಗೆ. ಇಳಿಜಾರಾಗಿ ಬಿಟ್ಟರೆ ಮರುದಿನದ ಮಾಲು ತೆಳುವಾದ ತುದಿಗೆ ಹಿಡಿಯುವುದಿಲ್ಲ.

ಬಲದ ಪರೀಕ್ಷೆಗೆ ಎರಡು ಸಲ ಮಾಲು ತೆಗೆದು, ಸಲಕ್ಕೆ ಮೂರರಂತೆ ಆರು ಕ್ಯೂಬ್ ಅಚ್ಚು ತುಂಬಿಸಿದೆವು. ಹನ್ನೊಂದೂಕಾಲಿಗೆ ಕೊನೆಯ ಬುಟ್ಟಿ. ಹಿಂದೆಯೇ ತೋಯ್ದ ಗೋಣಿಚೀಲ ಹೊದಿಸುತ್ತ ಬಂದೆವು. ಆ ಬಿಸಿಲಿಗೆ, ಗಾಳಿಗೆ ಮೇಲ್ಮೈ ತಾಸಿನೊಳಗೇ ಒಣಗಿ ಕೂದಲಿನಂಥ ಸೀಳು ಬಿಡುತ್ತದೆ. ಮರುದಿನ ಮುಂಜಾನೆ ಮಡಿ ಕಟ್ಟಿ ನೀರು ನಿಲ್ಲಿಸಿದೆವು. ಹಾರುಬೂದಿ ಬೆರೆತು ನಿಧಾನ ಬಲ ಹಿಡಿಯುವ ಪಿಪಿಸಿ ಸಿಮೆಂಟ್, ಬೇಸಿಗೆ ಬೇರೆ, ಆದ್ದರಿಂದ ನೀರು 14 ದಿನ. ಕೋಣೆಗಳು 4.5 ಮೀಟರಿನೊಳಗೇ ಇದ್ದುದರಿಂದ ಸ್ಲ್ಯಾಬಿಗೆ ಆನಿಸಿದ ಊರುಗಂಬಗಳನ್ನು ಏಳನೆಯ ದಿನ ಕೀಳಬಹುದಿತ್ತು, ಆದರೂ ಕೀಳಿಸಲಿಲ್ಲ. ಬಾಡಿಗೆ ಹೆಚ್ಚಾದರೂ 14 ದಿನದ ನೀರು ಮುಗಿಯುವವರೆಗೆ ಇರಲಿ ಎಂದು ಮಾಲೀಕರೇ ಒಪ್ಪಿದರು.