ಹಳೇ ಬುಲೆಟ್ಟಿಗೆ ಆಮೀಟರಾ, ವೋಲ್ಟ್‌ಮೀಟರಾ?

"ಹೆಡ್‌ಲೈಟ್ ಮೇಲಿನ ಆಮೀಟರ್ ಮುಳ್ಳು ಅಲ್ಲಾಡೋದೇ ನಿಂತಿದೆ. ಹೊಸ ಆಮೀಟರ್ ಹಾಕಿಸಲಾ, ವೋಲ್ಟ್‌ಮೀಟರ್ ಹಾಕಿಸಲಾ?" ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆಯಿಂದಲೂ ಹಳೇ ಬುಲೆಟ್ ಇಟ್ಟುಕೊಂಡವರು ಕೇಳುವ ಪ್ರಶ್ನೆ ಇದು. ನನ್ನ ಉತ್ತರ: ವೋಲ್ಟ್‌ಮೀಟರ್ ಹಾಕಿಸಿ. ಹಳೇ ಆಮೀಟರ್ ಅಂದಕ್ಕೆ ಅಲ್ಲೇ ಇರಲಿ, ಆದರೆ ಅದರೊಳಗೆ ಕರೆಂಟ್ ಹರಿಯುವುದು ಬೇಡ.

ಕಾರಣ ಸರಳ. ಆಮೀಟರ್ ಅಳೆಯುವುದು ಹರಿಯುವ ಕರೆಂಟನ್ನು, ವೋಲ್ಟ್‌ಮೀಟರ್ ಅಳೆಯುವುದು ಬ್ಯಾಟರಿಯ ವೋಲ್ಟನ್ನು. ಬ್ಯಾಟರಿಯಿಂದ ಹೊರಟ ಕರೆಂಟೆಲ್ಲ ಆಮೀಟರಿನ ಹೊಟ್ಟೆಯೊಳಗಿಂದಲೇ ಹಾದು ಮುಂದೆ ಹೋಗಬೇಕು. ಅದರ ಹಿಂಭಾಗದ ಎರಡು ನಟ್‌ಗಳಲ್ಲಿ ಒಂದು ಸಡಿಲವಾದರೂ ಸಾಕು, ಪಾಯಿಂಟ್ ಇಗ್ನಿಷನ್ನಿನ (ಬ್ಯಾಟರಿ ಕರೆಂಟಿನಿಂದಲೇ ಕಿಡಿ ಹಾರಿಸುವ) ಗಾಡಿ ನಡುರಸ್ತೆಯಲ್ಲಿ ಸತ್ತ ಹಾಗೆ ನಿಲ್ಲುತ್ತದೆ. ಸಿಂಗಲ್ ಸಿಲಿಂಡರಿನ ನಡುಕಕ್ಕೆ ನಟ್ ಸಡಿಲವಾಗುವುದು ಹೊಸ ವಿಷಯವೇನಲ್ಲ. ಕಳಚಿದ ವೈರ್ ಹೆಡ್‌ಲೈಟಿನ ತಗಡಿಗೆ ತಾಗಿತೋ, ಬ್ಯಾಟರಿ ಹತ್ತಿರ ಫ್ಯೂಸ್ ಇಲ್ಲದಿದ್ದರೆ ವೈರಿಂಗ್ ಸುಟ್ಟು ಹೋಗುತ್ತದೆ. ಸಮುದ್ರದ ಕಡೆ ಇನ್ನೊಂದು ಕಾಟ: ಹಿತ್ತಾಳೆ ಟರ್ಮಿನಲ್ಲಿಗೆ ಹಸಿರು ಕಿಲುಬು ಹಿಡಿಯುತ್ತದೆ. ಕಿಲುಬು ಹಿಡಿದ ಜೋಡಣೆ ಐದಾರು ಆಂಪಿಯರಿಗೆ ಬಿಸಿಯಾಗುತ್ತದೆ, ಬಿಸಿಯಾದದ್ದು ಮತ್ತೂ ಸಡಿಲವಾಗುತ್ತದೆ.

ವೋಲ್ಟ್‌ಮೀಟರಿನದು ಹಾಗಲ್ಲ. ಪಕ್ಕದಿಂದ ಎರಡು ಸಣ್ಣ ವೈರ್ ಅಷ್ಟೆ. ಅದು ಕೆಟ್ಟರೂ ಗಾಡಿ ಓಡುತ್ತದೆ. ಹೇಳುವ ಮಾತೂ ಹೆಚ್ಚು ಉಪಯೋಗದ್ದು. ಆಮೀಟರ್ ಮುಳ್ಳು ಸೊನ್ನೆಯಲ್ಲಿ ನಿಂತರೆ ಬ್ಯಾಟರಿ ತುಂಬಿದೆಯೋ, ಚಾರ್ಜಿಂಗೇ ಇಲ್ಲವೋ ಗೊತ್ತಾಗುವುದಿಲ್ಲ. ವೋಲ್ಟ್‌ಮೀಟರ್ ಆ ಗೊಂದಲ ಇಡುವುದಿಲ್ಲ.

12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿಗೆ ನೆನಪಿಡಬೇಕಾದ ಅಂಕಿಗಳು ಇವು. ಗಾಡಿ ನಿಂತು ಕೆಲವು ಗಂಟೆಯಾದ ಮೇಲೆ 12.6 ಅಥವಾ 12.7 ಇದ್ದರೆ ಬ್ಯಾಟರಿ ಪೂರ್ತಿ ತುಂಬಿದೆ, 12.2ಕ್ಕೆ ಸುಮಾರು ಅರ್ಧ, 12ಕ್ಕಿಂತ ಕೆಳಗೆ ಹೋದರೆ ಚಾರ್ಜರಿಗೆ ಹಾಕಿ. ಓಡುವಾಗ 13.8ರಿಂದ 14.5ರ ನಡುವೆ ಇರಬೇಕು. 15 ದಾಟಿದರೆ ವೋಲ್ಟನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೈಕೊಟ್ಟಿದೆ, ಇಲ್ಲವೇ ಅದರ ಅರ್ಥಿಂಗ್, ಅಂದರೆ ಚಾಸಿಗೆ ಇರುವ ಜೋಡಣೆ, ಹೋಗಿದೆ. ಹಾಗೇ ಓಡಿಸಿದರೆ ಬ್ಯಾಟರಿ ನೀರು ಕುದಿಯುತ್ತದೆ, ಬಲ್ಬ್‌ಗಳು ಒಂದೊಂದಾಗಿ ಹೋಗುತ್ತವೆ.

ಐಡಲಿನಲ್ಲಿ ಹೆಡ್‌ಲೈಟ್ ಹಾಕಿದಾಗ 12.3ಕ್ಕೋ 12.4ಕ್ಕೋ ಇಳಿದರೆ ಗಾಬರಿ ಬೇಡ. 35 ವ್ಯಾಟ್ ಹೆಡ್‌ಲೈಟ್ ಸುಮಾರು 3 ಆಂಪಿಯರ್ ಎಳೆಯುತ್ತದೆ, ಪ್ಲಗ್ಗಿನ ಕಿಡಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಸರಾಸರಿ 2ರ ಹತ್ತಿರ, ಹಿಂದಿನ ದೀಪ ಅರ್ಧಕ್ಕಿಂತ ಕಡಿಮೆ. ಬ್ರೇಕ್ ಒತ್ತಿದರೆ 21 ವ್ಯಾಟ್ ಬಲ್ಬಿಗೆ ಇನ್ನೂ ಒಂದೂಮುಕ್ಕಾಲು. ಎಂಜಿನ್ ತಿರುಗಿದಂತೆ ಕರೆಂಟ್ ಹುಟ್ಟಿಸುವ ಹಳೇ ಆಲ್ಟರ್ನೇಟರ್ ಐಡಲಿನಲ್ಲಿ ಇಷ್ಟನ್ನು ಕೊಡಲಾರದು. ದೇವಿಮನೆ ಘಟ್ಟ ಹತ್ತುವಾಗ, ಎಂಜಿನ್ ಒಳ್ಳೇ ಆರ್‌ಪಿಎಮ್ಮಿನಲ್ಲಿರುವಾಗಲೂ 13 ದಾಟದಿದ್ದರೆ ಮಾತ್ರ ಚಾರ್ಜಿಂಗ್ ಹುಡುಕಲು ಶುರು ಮಾಡಿ. 35 ತೆಗೆದು 60/55 ಹ್ಯಾಲೋಜನ್ ಹಾಕಿಸಿಕೊಂಡವರಿಗೆ ವೋಲ್ಟ್‌ಮೀಟರ್ ಮೊದಲ ರಾತ್ರಿಯೇ ಸತ್ಯ ಹೇಳಿಬಿಡುತ್ತದೆ.

ಈಗ ಕೆಲಸಕ್ಕೆ ಬರೋಣ. ಮೊದಲು ಬ್ಯಾಟರಿಯ ಯಾವ ಟರ್ಮಿನಲ್ ಚಾಸಿಗೆ ಹೋಗಿದೆ ನೋಡಿ. ತೀರಾ ಹಳೇ ಬ್ರಿಟಿಷ್ ಗಾಡಿಗಳಲ್ಲಿ ಪಾಸಿಟಿವ್ ಅರ್ಥಿಂಗ್ ಇರುತ್ತದೆ. ಅಲ್ಲಿ ಉಲ್ಟಾ ಕೊಟ್ಟರೆ ಮುಳ್ಳಿನ ಮೀಟರ್ ಎಡಕ್ಕೆ ಬಡಿದುಕೊಳ್ಳುತ್ತದೆ, ಡಿಜಿಟಲ್ ಆದರೆ ಸುಟ್ಟೂ ಹೋಗಬಹುದು. 6 ವೋಲ್ಟಿನ ಜಾವಾ, ಯೆಜ್ಡಿಗಳಿಗೆ 8ರಿಂದ 16ರ ಸ್ಕೇಲಿನ ಮೀಟರ್ ದಂಡ. ಅಲ್ಲಿ ತುಂಬಿದ ಬ್ಯಾಟರಿ 6.3ರ ಆಸುಪಾಸು, ಚಾರ್ಜ್ ಆಗುವಾಗ 7ರ ಹತ್ತಿರ. ಮೀಟರ್ ಕೊಳ್ಳುವಾಗ ಇದನ್ನು ಕೇಳಿಯೇ ಕೊಳ್ಳಿ.

ಬ್ಯಾಟರಿ ನೆಗೆಟಿವ್ ಕಳಚಿ, ಪಾಸಿಟಿವ್ ಅರ್ಥಿಂಗ್ ಆದರೆ ಪಾಸಿಟಿವ್. ಆಮೀಟರಿನ ಎರಡೂ ವೈರ್ ಬಿಚ್ಚಿ, ರಿಂಗ್ ಟರ್ಮಿನಲ್ಲುಗಳನ್ನು ಮರಳುಕಾಗದದಲ್ಲಿ ಹೊಳೆಯುವಷ್ಟು ಉಜ್ಜಿ, ಸಣ್ಣ ಸ್ಟೀಲ್ ಬೋಲ್ಟ್, ಸ್ಪ್ರಿಂಗ್ ವಾಷರ್, ನಟ್ ಹಾಕಿ ಒಂದಕ್ಕೊಂದು ಬಿಗಿಯಿರಿ. ಅದರ ಮೇಲೆ ಒಳಗೆ ಅಂಟು ಇರುವ, ಬಿಸಿಗೆ ಕುಗ್ಗಿ ಹಿಡಿಯುವ ಹೀಟ್ ಶ್ರಿಂಕ್ ಸ್ಲೀವ್ ಎರಡು ಪದರ. ಇನ್ಸುಲೇಷನ್ ಟೇಪ್ ಬೇಡ. ಮೇ ತಿಂಗಳ ಸೆಕೆಗೆ ಅದರ ಅಂಟು ಜಾರಿ ಜೂನಿನ ಮಳೆಗೆ ಬಿಚ್ಚಿಕೊಳ್ಳುತ್ತದೆ. ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರಿನ ಮುಖ್ಯ ಫ್ಯೂಸ್ ಇಲ್ಲದಿದ್ದರೆ ಇದೇ ಸಮಯದಲ್ಲಿ ಹಾಕಿಬಿಡಿ.

ಇನ್ನು ಮುಂದಿನದು ನೆಗೆಟಿವ್ ಅರ್ಥಿಂಗಿನ ಗಾಡಿಯ ಲೆಕ್ಕ, ಪಾಸಿಟಿವ್ ಅರ್ಥಿಂಗ್ ಆದರೆ ಪಾಸಿಟಿವ್, ನೆಗೆಟಿವ್ ಅದಲುಬದಲು ಮಾಡಿಕೊಳ್ಳಿ. ವೋಲ್ಟ್‌ಮೀಟರಿನ ಪಾಸಿಟಿವ್ ಇಗ್ನಿಷನ್ ಸ್ವಿಚ್ಚಿನ ನಂತರದ ವೈರಿನಿಂದ ಬರಲಿ, ನಡುವೆ 1 ಆಂಪಿಯರ್ ಫ್ಯೂಸ್, ವೈರ್ 0.5 ಚದರ ಮಿ.ಮೀ. ಸಾಕು. ಬ್ಯಾಟರಿಯಿಂದ ನೇರ ಕೊಟ್ಟರೆ ಅದು ಹಗಲಿರುಳು ಎಳೆಯುತ್ತಲೇ ಇರುತ್ತದೆ. 20 ಮಿಲಿ ಆಂಪಿಯರ್ ಎಳೆಯುವ ಎಲ್‌ಇಡಿ ಮೀಟರ್ 5 ಆಂಪಿಯರ್ ಅವರಿನ ಬ್ಯಾಟರಿಯನ್ನು 250 ಗಂಟೆಯಲ್ಲಿ, ಅಂದರೆ ಹತ್ತು ದಿನದಲ್ಲಿ ಖಾಲಿ ಮಾಡುತ್ತದೆ. ಮಳೆಗಾಲ ಪೂರ್ತಿ ಗಾಡಿಯನ್ನು ಟಾರ್ಪಲ್ ಅಡಿಯಲ್ಲಿಡುವ ನಮ್ಮ ಕಡೆ ಇದು ಬ್ಯಾಟರಿ ಕೊಲ್ಲುವ ದಾರಿ. ಹೆಡ್‌ಲೈಟ್ ವೈರಿನಿಂದಂತೂ ತೆಗೆಯಲೇಬೇಡಿ. ಕೆಲವು ಹಳೇ ಗಾಡಿಗಳಲ್ಲಿ ಹೆಡ್‌ಲೈಟ್ ಎಸಿಯಲ್ಲಿ, ಅಂದರೆ ಬ್ಯಾಟರಿ ಬಿಟ್ಟು ಆಲ್ಟರ್ನೇಟರಿನಿಂದ ನೇರವಾಗಿ ಉರಿಯುತ್ತದೆ, ಅಲ್ಲಿ ಮೀಟರ್ ಏನು ತೋರಿಸಿದರೂ ಅರ್ಥವಿಲ್ಲ.

ಹೆಚ್ಚಿನವರು ಎಡವುವುದು ನೆಗೆಟಿವ್ ವೈರಿನಲ್ಲಿ. ಹೆಡ್‌ಲೈಟಿನ ತಗಡಿಗೇ ಸ್ಕ್ರೂ ಹಾಕಿ ಅರ್ಥಿಂಗ್ ಕೊಡುತ್ತಾರೆ. ಆ ತಗಡಿನಿಂದ ಚಾಸಿಗೆ ಕರೆಂಟ್ ಹೋಗಬೇಕಾದರೆ ಸ್ಟೀರಿಂಗ್ ಬೇರಿಂಗಿನ ಗುಂಡುಗಳನ್ನು, ಗ್ರೀಸನ್ನು ದಾಟಬೇಕು. ಹ್ಯಾಂಡಲ್ ತಿರುಗಿಸಿದಂತೆಲ್ಲ ರೀಡಿಂಗ್ ಕುಣಿಯುತ್ತದೆ, ಇಂಡಿಕೇಟರ್ ಹಾಕಿದರೆ ಮುಳ್ಳೂ ಅದರ ತಾಳಕ್ಕೆ ಆಡುತ್ತದೆ. ಮೀಟರಿನಿಂದ ಒಂದು ವೈರನ್ನು ಸೀದಾ ಬ್ಯಾಟರಿಯ ನೆಗೆಟಿವ್‌ಗೇ ಎಳೆಯಿರಿ. ಪರೀಕ್ಷೆ ಹೀಗೆ: ಹೆಡ್‌ಲೈಟ್ ಹಾಕಿ, ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಮೀಟರಿನ ನೆಗೆಟಿವ್ ಟರ್ಮಿನಲ್ಲಿಗೆ. 0.1 ವೋಲ್ಟಿಗಿಂತ ಕಡಿಮೆ ಬರಬೇಕು. ಅದೇ ರೀತಿ ಹೆಡ್‌ಲೈಟಿನ ತಗಡನ್ನೂ ಮುಟ್ಟಿ ನೋಡಿ. ಅಲ್ಲಿ 0.3 ಬಂದರೆ ಹೆಡ್‌ಲೈಟ್ ಯಾಕೆ ಮಂಕು ಎಂಬುದಕ್ಕೂ ಉತ್ತರ ಸಿಕ್ಕಿತು. ಹೆಡ್‌ಲೈಟಿಗೂ ಪ್ರತ್ಯೇಕ ಅರ್ಥಿಂಗ್ ವೈರ್, 1.5 ಚದರ ಮಿ.ಮೀ.ನದು, ಎಳೆದುಬಿಡಿ.

ಎಲ್ಲ ಸರಿಮಾಡಿದ ಮೇಲೂ ಮೀಟರ್ ಬ್ಯಾಟರಿಗಿಂತ ಅರ್ಧ ವೋಲ್ಟ್ ಕಡಿಮೆ ತೋರಿಸಿದರೆ ಮೀಟರನ್ನು ಬೈಯಬೇಡಿ. ಇಗ್ನಿಷನ್ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್ ಸವೆದಿದೆ. ಆ ಅರ್ಧ ವೋಲ್ಟ್ ಕಾಯಿಲಿಗೂ ತಪ್ಪಿಹೋಗುತ್ತಿದೆ ಎಂದೇ ಲೆಕ್ಕ. ಹೊಸ ಸ್ವಿಚ್ ಹಾಕಿ, ಅಥವಾ ಸ್ವಿಚ್ಚಿನಿಂದ ನಾಲ್ಕು ಕಾಲಿನ ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಎಳೆಸಿ, ಕಾಯಿಲ್ ಮತ್ತು ಮೀಟರಿಗೆ ಬ್ಯಾಟರಿಯಿಂದ ಫ್ಯೂಸ್ ಮತ್ತು ಆ ರಿಲೇ ಮೂಲಕ ಕೊಡಿ. ನನಗೆ ಎರಡನೆಯದೇ ಇಷ್ಟ, ಹಳೇ ಬೀಗದ ಕೈಯನ್ನು ಉಳಿಸಿಕೊಳ್ಳಬಹುದು.

ವೈರಿನ ಆಯ್ಕೆ ಕರಾವಳಿಯಲ್ಲಿ ಬೇರೆಯೇ ವಿಷಯ. ಸಾದಾ ತಾಮ್ರದ ಎಳೆಗಳು ಪ್ಲಾಸ್ಟಿಕ್ಕಿನ ಒಳಗೇ ಕಪ್ಪಗಾಗುತ್ತಾ ಹೋಗುತ್ತವೆ, ಉಪ್ಪಿನ ತೇವ ತುದಿಯಿಂದ ಒಳಕ್ಕೆ ಏರುತ್ತದೆ. ದೋಣಿಗಳಿಗೆ ಬಳಸುವ ತವರ ಲೇಪಿಸಿದ ತಾಮ್ರದ ವೈರ್ ಬಂದರಿನ ಬದಿಯ ಅಂಗಡಿಗಳಲ್ಲಿ ವಿಚಾರಿಸಿ. ತುದಿಗಳನ್ನು ಬೆಸುಗೆ ಹಾಕುವ ಬದಲು ಕ್ರಿಂಪ್ ಮಾಡಿ, ಅಂದರೆ ಟರ್ಮಿನಲ್ಲನ್ನು ಇಕ್ಕಳದಲ್ಲಿ ಅದುಮಿ ಕಚ್ಚಿಸಿ. ಬೆಸುಗೆಯ ಸೀಸ ಎಳೆಗಳೊಳಗೆ ಹರಿದು ಗಟ್ಟಿಯಾಗುತ್ತದೆ, ಅದು ಮುಗಿಯುವ ಜಾಗದಲ್ಲೇ ನಡುಕಕ್ಕೆ ವೈರ್ ಮುರಿಯುತ್ತದೆ. ಮೀಟರಿನ ಹಿಂದೆ ನೀರು ಹೋಗದಂತೆ ಸಿಲಿಕೋನ್ ಬಳಿಯುವವರು ಡಬ್ಬಿಯ ಮೂತಿ ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಅದು ಆಸಿಡ್ ಬಿಡುವ ಜಾತಿ, ತಾಮ್ರವನ್ನು ತಿನ್ನುತ್ತದೆ. ವಾಸನೆಯಿಲ್ಲದ ನ್ಯೂಟ್ರಲ್ ಕ್ಯೂರ್ ಬೇಕು.

ಕೂರಿಸುವ ಜಾಗದ ಬಗ್ಗೆ ಎರಡೇ ಮಾತು. ಹಳೇ ಆಮೀಟರ್ ತೆಗೆಯುವುದಾದರೆ ಅದರ ತೂತಿಗೇ ಹೊಸ ಮೀಟರ್ ಹೊಂದುತ್ತದೆಯೋ ಕ್ಯಾಲಿಪರಿನಲ್ಲಿ ಅಳೆದು ನೋಡಿ, ಹೊಂದದಿದ್ದರೆ ಅಥವಾ ಆಮೀಟರನ್ನು ಅಂದಕ್ಕೆ ಅಲ್ಲೇ ಉಳಿಸಿದರೆ ಹ್ಯಾಂಡಲ್ ಕ್ಲಾಂಪಿಗೆ 2 ಮಿ.ಮೀ. ಸ್ಟೇನ್‌ಲೆಸ್ ಪಟ್ಟಿ ಬಗ್ಗಿಸಿ, ಎರಡೂ ಕಡೆ ರಬ್ಬರ್ ವಾಷರ್ ಇಟ್ಟು ಕೂರಿಸಿ. ಹಳೇ ತಗಡಿಗೆ ಹೊಸ ತೂತು ಕೊರೆಯಬೇಡಿ, ಪೇಂಟ್ ಎದ್ದ ಅಂಚಿನಿಂದ ತುಕ್ಕು ಆ ವರ್ಷವೇ ಶುರುವಾಗುತ್ತದೆ. ವೈರ್ ಮೀಟರಿನಿಂದ ಮೊದಲು ಕೆಳಕ್ಕಿಳಿದು ಆಮೇಲೆ ಮೇಲೇರಲಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ವೈರ್ ಎಲ್ಲೂ ಬಿಗಿಯಾಗುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಟೈ ಹಾಕಿ. ಗಾಜಿನೊಳಗೆ ಮಂಜು ಕಟ್ಟಿದರೆ, ಕೆಳಗಿನಿಂದ ಘಟ್ಟ ಹತ್ತುವ ಗಾಡಿಗಳಲ್ಲಿ ಕಟ್ಟುವುದು ಸಹಜ, ಮೀಟರಿನ ಹಿಂಬದಿಯ ಸಣ್ಣ ಉಸಿರುಗಂಡಿ ಮುಚ್ಚಿಹೋಗಿದೆಯೋ ನೋಡಿ. ಮೇಲೆ ಹೇಳಿದ ಸಿಲಿಕೋನನ್ನು ಅಲ್ಲಿಗೆ ಬಳಿದಿದ್ದರೆ ಕೆರೆದು ತೆಗೆಯಿರಿ.