ದಾರಿಯುದ್ದಕ್ಕೂ ಊದುವವರು ಯಾರು?

ಜರ್ಮನಿಯ ಹೈಡಲ್‌ಬರ್ಗ್‌ಗೆ ಬಂದು ಮೂರು ವರ್ಷ ಆಯಿತು. ಇಷ್ಟೂ ದಿನ ಒಂದೇ ಗ್ಯಾಲಕ್ಸಿಯ ಬೆನ್ನು ಬಿದ್ದಿದ್ದೇನೆ. ಹೆಸರು ಸೆಂಟಾರಸ್ ಎ. ಅದು ಇಲ್ಲಿನ ಆಕಾಶದಲ್ಲಿ ಮೂಡುವುದೇ ಇಲ್ಲ, ಅಷ್ಟು ದಕ್ಷಿಣಕ್ಕಿದೆ. ನಮ್ಮ ಗೌರಿಬಿದನೂರಿನಲ್ಲಾದರೆ ಏಪ್ರಿಲ್ ನಡುರಾತ್ರಿ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಎದುರಿಗೇ ಇರುತ್ತದೆ.

ನಮ್ಮ ಕಡೆಯವರಿಗೆ ರೇಡಿಯೊ ವೀಕ್ಷಣಾಲಯ ಗೊತ್ತಲ್ವಾ? 1976ರಿಂದ ಇದೆ. ಸಾಲು ಸಾಲು ಕಂಬ, ತಂತಿ, ಪೂರ್ವ ಪಶ್ಚಿಮಕ್ಕೆ ಸುಮಾರು 1.4 ಕಿಲೋಮೀಟರ್. ಅಪ್ಪನ ಸೈಕಲ್ಲಿನಲ್ಲಿ ಆ ಕಡೆ ಹೋದಾಗ 'ಏನಪ್ಪ ಅದು?' ಅಂದೆ. 'ಆಕಾಶದ ಸದ್ದು ಕೇಳೋ ಕಂಬಗಳು ಕಣೋ' ಅಂದರು. ಆ ಮಾತು ಆವತ್ತಿನಿಂದ ನನ್ನನ್ನು ಬಿಟ್ಟಿಲ್ಲ.

ಸೆಂಟಾರಸ್ ಎ ನಮ್ಮಿಂದ ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರ. ಅದರ ನಡುವೆ ದೊಡ್ಡ ಕಪ್ಪುಕುಳಿ. ಬೋರ್ ಕೊರೆಸುವಾಗ ನೀರು ಸಿಕ್ಕ ಗಳಿಗೆ ಹೇಗೆ ಚಿಮ್ಮುತ್ತದೆ, ಹಾಗೆ ಅದರ ಎರಡೂ ಬದಿಗೆ ಜೆಟ್, ಅಂದರೆ ಕಣಗಳ ಧಾರೆ, ಚಿಮ್ಮುತ್ತಿದೆ. ಜೆಟ್ಟಿನ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರದಲ್ಲಿ ಸುತ್ತುತ್ತಾ ರೇಡಿಯೊ ಅಲೆ, ಎಕ್ಸ್‌ರೇ ಸೂಸುತ್ತವೆ. ಅವೇ ಎಲೆಕ್ಟ್ರಾನ್‌ಗಳು ಧೂಳಿನಿಂದ ಬರುವ ಮಂಕು ಬೆಳಕಿಗೆ ಗುದ್ದಿ ಅದನ್ನು ಗ್ಯಾಮಾ ಕಿರಣ, ಅಂದರೆ ಎಕ್ಸ್‌ರೇಗಿಂತಲೂ ಹೆಚ್ಚು ಶಕ್ತಿಯ ಬೆಳಕು, ಮಾಡಿಬಿಡುತ್ತವೆ. ಕಾಂತಕ್ಷೇತ್ರ ಎಷ್ಟು, ಯಾವ ಶಕ್ತಿಯ ಎಲೆಕ್ಟ್ರಾನ್ ಎಷ್ಟು ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟುವುದು ನನ್ನ ಕೆಲಸ. ನನ್ನ ಲೆಕ್ಕ ನಿಜವಾಗಿ ಕಂಡ ರೇಡಿಯೊಗೆ ಕೂಡಿ ಬಂದರೆ ಗ್ಯಾಮಾಕ್ಕೆ ಕೂಡುವುದಿಲ್ಲ. ಅದನ್ನು ಸರಿ ಮಾಡಿದರೆ ಎಕ್ಸ್‌ರೇ ಕೈ ಕೊಡುತ್ತದೆ. ತಿಂಗಳುಗಟ್ಟಲೆ ಇದೇ.

ನಮೀಬಿಯಾದಲ್ಲಿ ಹೆಸ್ ಅನ್ನುವ ಐದು ದೂರದರ್ಶಕಗಳಿವೆ. ಗ್ಯಾಮಾ ಕಿರಣ ಮೇಲಿನ ಗಾಳಿಗೆ ಬಡಿದಾಗ ಸೆಕೆಂಡಿನ ಕೋಟಿಯಲ್ಲೊಂದು ಪಾಲಿಗಿಂತ ಕಮ್ಮಿ ಹೊತ್ತು ಒಂದು ನೀಲಿ ಮಿಂಚು ಹೊಳೆಯುತ್ತದೆ. ಅವು ಅದನ್ನು ಹಿಡಿಯುತ್ತವೆ. 200 ಗಂಟೆಗೂ ಜಾಸ್ತಿ ನೋಡಿದ್ದನ್ನು ಒಟ್ಟು ಮಾಡಿ, ಗ್ಯಾಮಾ ಕಿರಣ ಬರೀ ನಡುವಿನಿಂದಲ್ಲ, ಜೆಟ್ಟಿನ ಉದ್ದಕ್ಕೂ ಬರುತ್ತಿದೆ ಅಂತ ಹೆಸ್ ತಂಡದವರು 2020ರಲ್ಲಿ ತೋರಿಸಿದರು.

ತೊಡಕು ಇರುವುದು ಇಲ್ಲೇ. ಅಷ್ಟು ಶಕ್ತಿಯ ಎಲೆಕ್ಟ್ರಾನ್ ಕೆಲವೇ ನೂರು ವರ್ಷಗಳಲ್ಲಿ ತಣ್ಣಗಾಗುತ್ತದೆ. ಜೆಟ್ಟಿನ ಉದ್ದ ಸಾವಿರಾರು ಜ್ಯೋತಿರ್ವರ್ಷ. ಬೆಳಕಿನ ವೇಗದಲ್ಲಿ ಓಡಿದರೂ ಅದು ತುದಿ ಮುಟ್ಟುವ ಹಾಗಿಲ್ಲ.

ಜನವರಿಯಲ್ಲಿ ವಿಡಿಯೊ ಕಾಲ್ ಮಾಡಿ ಇದನ್ನೇ ಹೇಳಿದೆ. ಅಮ್ಮ ಮೊರದಲ್ಲಿ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದಳು. ಕೈ ನಿಲ್ಲಿಸಿ ಅಂದಳು: 'ಚಿಕ್ಕೋರಿದ್ದಾಗ ಪಕ್ಕದ್ಮನೆಯಿಂದ ಚಿಪ್ಪಿನಲ್ಲಿ ಕೆಂಡ ತರ್ತಿದ್ವಿ ಕಣೋ. ದಾರೀಲಿ ಊದ್ತಾ ಬಂದ್ರೇನೇ ಒಲೆಗೆ ಹಾಕೋವರ್ಗೂ ಕೆಂಪಗಿರ್ತಿತ್ತು. ಅಲ್ಲೂ ಯಾರೋ ಊದ್ತಿರಬೇಕು.'

ಮೈ ಜುಮ್ಮೆಂದಿತು. ನಾವು ಹುಡುಕುತ್ತಿರುವುದು ಆ ಊದುವವರನ್ನೇ! ಅಡ್ಡ ಸಿಕ್ಕಿದ್ದಕ್ಕೆ ಜೆಟ್ ಬಡಿದು ಏಳುವ ಆಘಾತದ ಅಲೆ ಅಂತ ಕೆಲವರು, ಒಳಗಿನ ಸುಳಿಗಳು ಅಂತ ಇನ್ನು ಕೆಲವರು. ನನಗೆ ಅಂಚಿನ ಮೇಲೆ ನಂಬಿಕೆ. ತುಂಬಿದ ಹಳ್ಳದಲ್ಲಿ ನಡುವಿನ ನೀರು ಜೋರು, ದಡದ ನೀರು ನಿಧಾನ. ಜೆಟ್ಟಿನಲ್ಲೂ ಹಾಗೇ ಇರಬಹುದು. ಎರಡರ ನಡುವೆ ಆಚೆ ಈಚೆ ಹಾಯುವ ಎಲೆಕ್ಟ್ರಾನ್ ಚೂರು ಚೂರೇ ಶಕ್ತಿ ಕೂಡಿಸಿಕೊಳ್ಳುತ್ತದೆ. ಆಘಾತ ಅಲ್ಲಲ್ಲಿ ಆಗುವಂಥದ್ದು, ಅಂಚು ಜೆಟ್ಟಿನ ಉದ್ದಕ್ಕೂ ಇರುತ್ತದೆ. ಲೆಕ್ಕ ಇನ್ನೂ ಮುಗಿದಿಲ್ಲ.

ಏಪ್ರಿಲ್‌ಗೆ ರಜೆ ಹಾಕಿದ್ದೇನೆ. ಬೈನಾಕ್ಯುಲರ್ ತರುತ್ತೇನೆ, ಮಾಳಿಗೆ ಮೇಲೆ ಚಾಪೆ ಹಾಸಿಡು ಅಂದೆ. 'ಆ ಕಡೆ ಬೀದಿ ದೀಪ ಹಾಕಿದ್ದಾರೆ ಮಗಾ, ಕತ್ತಲೆ ಇರಲ್ಲ. ತೋಟದ ಹತ್ರಾನೇ ಹೋಗೋಣ' ಅಂದಳು ಅಮ್ಮ.